ಮಳೆಗಾಲದ ಕೋಣೆಯಲ್ಲಿ ಒಂದೇ ಒಂದು ಲೈಟು

ಜೂನ್ ಬಂತೆಂದರೆ ಕೊಡಗಿನಲ್ಲಿ ಫೋಟೊ ತೆಗೆಯುವವರಿಗೆ ಬೆಳಕಿನ ಬರ. ಮಂಜು ಅಂಗಳಕ್ಕೇ ಇಳಿದಿರುತ್ತದೆ. ಮಳೆ ಬಿಡುವುದಿಲ್ಲ. ಮಧ್ಯಾಹ್ನ ಮೂರು ಗಂಟೆಗೇ ಮನೆಯೊಳಗೆ ಲೈಟ್ ಹಾಕಬೇಕು. ಯಾರನ್ನಾದರೂ ಕಿಟಕಿ ಪಕ್ಕ ಕೂರಿಸಿ ಫೋಟೊ ತೆಗೆಯೋಣ ಅಂದರೆ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, 3200ರ ತನಕ ಏರಿಸಬೇಕಾಗುತ್ತದೆ. ಆಗ ಚಿತ್ರ ಒರಟಾಗುತ್ತದೆ, ಚರ್ಮದ ನವಿರು ಹೋಗಿಬಿಡುತ್ತದೆ. ಸಾಲದ್ದಕ್ಕೆ ಕಿಟಕಿಯ ಹೊರಗೆ ಬರೀ ಹಸಿರು. ಕಾಫಿ ಗಿಡ, ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಆ ಎಲೆಗಳ ಮೇಲೆ ಬಿದ್ದು ಒಳಗೆ ಬರುವ ಬೆಳಕು ಮುಖಕ್ಕೆ ತೆಳುವಾಗಿ ಹಸಿರು ಬಳಿಯುತ್ತದೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ.

ಹಾಗಾಗಿ ಈ ಸಲ ಮಳೆ ಹಿಡಿಯುವ ಮೊದಲೇ ಸ್ಟುಡಿಯೋ ಲೈಟ್ ತರಿಸಿದೆ. ಮಡಿಕೇರಿ ಹತ್ತಿರದ ನಮ್ಮ ಮನೆಯ ಮುಂದಿನ ಕೋಣೆಯೇ ಈಗ ಸ್ಟುಡಿಯೋ. ತಂದದ್ದು ಇಷ್ಟೇ: ಒಂದು ಫ್ಲ್ಯಾಶ್, ಅದರ ಬೆಳಕನ್ನು ಮೆತ್ತಗೆ ಮಾಡುವ ಬಟ್ಟೆಯ ಒಂದು ಸಾಫ್ಟ್‌ಬಾಕ್ಸ್, ಒಂದು ಸ್ಟ್ಯಾಂಡ್, ಫ್ಲ್ಯಾಶ್ ಮಿಂಚಿಸಲು ಕ್ಯಾಮೆರಾದ ತಲೆಗೆ ಸಿಕ್ಕಿಸುವ ಒಂದು ಟ್ರಿಗರ್. ಅಂಗಡಿಯಲ್ಲಿ ಎರಡು ಲೈಟಿನ ಕಿಟ್, ಮೂರು ಲೈಟಿನ ಕಿಟ್ ಅಂತ ತೋರಿಸುತ್ತಾರೆ. ಲೆಕ್ಕ ಹಾಕಿದರೆ ಅದೇ ಅಗ್ಗ. ಆದರೂ ನಾನು ಒಂದನ್ನೇ ಕೊಂಡೆ. ಈಗ ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ. ಕಲಿಯುವವರಿಗೆ ಒಂದು ಲೈಟು ಸಾಕು ಅನ್ನುವುದಲ್ಲ, ಒಂದೇ ಇರಬೇಕು. ಎರಡಿದ್ದರೆ ಒಂದರ ನೆರಳನ್ನು ಇನ್ನೊಂದು ಅಳಿಸಿ ಹಾಕುತ್ತದೆ. ಯಾವ ಬೆಳಕು ಏನು ಮಾಡಿತು ಅಂತ ತಿಳಿಯುವುದೇ ಇಲ್ಲ.

ಊರಿನ ಹಳೇ ಫೋಟೊ ಸ್ಟುಡಿಯೋಗಳನ್ನು ನೆನಪಿಸಿಕೊಳ್ಳಿ. ಸ್ಟೂಲಿನ ಎರಡೂ ಕಡೆ ಒಂದೊಂದು ಬಿಳಿ ಕೊಡೆ, ಎರಡರಿಂದಲೂ ಒಂದೇ ಸಮ ಬೆಳಕು. ಪಾಸ್‌ಪೋರ್ಟ್ ಫೋಟೊಗೆ ಅದೇ ಸರಿ. ಅಲ್ಲಿ ಮುಖದ ಮೇಲೆ ನೆರಳು ಬೀಳಬಾರದು, ಯಾರು ಬಂದು ಕೂತರೂ ಒಂದೇ ರೀತಿ ಬರಬೇಕು. ಆದರೆ ನೆರಳಿಲ್ಲದ ಮುಖಕ್ಕೆ ಉಬ್ಬು ತಗ್ಗು ಇರುವುದಿಲ್ಲ. ಆ ಫೋಟೊಗಳು ಚಪ್ಪಟೆ ಕಾಣುವುದು ಅದಕ್ಕೇ.

ಫ್ಲ್ಯಾಶ್ ಬೇಕಾ, ಯಾವಾಗಲೂ ಉರಿಯುವ ಎಲ್‌ಇಡಿ ಬೇಕಾ ಅನ್ನುವುದು ಎಲ್ಲರಿಗೂ ಬರುವ ಪ್ರಶ್ನೆ. ವಿಡಿಯೊ ಮಾಡುವವರಿಗೆ ಎಲ್‌ಇಡಿಯೇ ಬೇಕು. ಫೋಟೊ ಮಾತ್ರ ಅಂದರೆ ಒಂದು ಸಣ್ಣ ಲೆಕ್ಕ ನೋಡಿ. 60 ವ್ಯಾಟ್‌ನ ಎಲ್‌ಇಡಿ ಉರಿಯುತ್ತಿದೆ, ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲು, ಅಂದರೆ ಶಟರ್, 1/100 ಸೆಕೆಂಡ್ ತೆರೆದಿದೆ ಅಂದುಕೊಳ್ಳಿ. ಆ ಹೊತ್ತಿನಲ್ಲಿ ಅದು ಬಳಸುವ ವಿದ್ಯುತ್ ಬರೀ 0.6 ವ್ಯಾಟ್-ಸೆಕೆಂಡ್. ನಾನು ತಂದ ಸಾಧಾರಣ ಫ್ಲ್ಯಾಶ್ 200 ವ್ಯಾಟ್-ಸೆಕೆಂಡ್‌ನದು. ಅಷ್ಟನ್ನೂ ಒಂದೇ ಏಟಿಗೆ ಹೊರಗೆ ಬಿಡುತ್ತದೆ. ಟ್ಯಾಂಕಿಗೆ ನಿಧಾನವಾಗಿ ನೀರು ತುಂಬಿಸಿ ಒಮ್ಮೆಗೇ ಗೇಟ್ ತೆಗೆದ ಹಾಗೆ, ಒಳಗಿನ ಕೆಪಾಸಿಟರ್ ಚಾರ್ಜ್ ಆಗುತ್ತದೆ, ಆಮೇಲೆ ಗಾಜಿನ ಕೊಳವೆಯೊಳಗಿನ ಝೆನಾನ್ ಅನಿಲದ ಮೂಲಕ ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿ ಖಾಲಿಯಾಗುತ್ತದೆ. 1930ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಗರ್ಟನ್ ಬೆಳೆಸಿದ ವಿದ್ಯೆ ಇದು. ಹಾರುವ ಗುಂಡನ್ನೂ ಚಿಮ್ಮುವ ಹಾಲಿನ ಹನಿಯನ್ನೂ ಅವರು ಹೀಗೇ ನಿಲ್ಲಿಸಿ ತೋರಿಸಿದರು. ಪ್ಲಗ್ ತೆಗೆದ ಮೇಲೂ ಆ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ, ಜೀವ ತೆಗೆಯುವಷ್ಟು. ಕೆಟ್ಟರೆ ಮನೆಯಲ್ಲಿ ಬಿಚ್ಚಲೇಬೇಡಿ.

ಕೊಳ್ಳುವಾಗ ಇನ್ನೊಂದು ನೋಡಬೇಕು. ಸಾಫ್ಟ್‌ಬಾಕ್ಸ್ ಸಿಕ್ಕಿಸುವ ಲೈಟಿನ ಮುಂಭಾಗದ ಬಳೆ ಬೋವೆನ್ಸ್ ಎಸ್ ಮಾದರಿಯದ್ದಾ ಅಂತ. ಬೋವೆನ್ಸ್ ಅನ್ನುವ ಬ್ರಿಟಿಷ್ ಕಂಪನಿ 2017ರಲ್ಲಿ ಬಾಗಿಲು ಹಾಕಿತು. ಆದರೆ ಅವರ ಬಳೆಯನ್ನು ಬೇರೆ ಕಂಪನಿಗಳೂ ಹಿಡಿದುಕೊಂಡಿವೆ. ಇದಿದ್ದರೆ ಸಾಫ್ಟ್‌ಬಾಕ್ಸ್, ಬೆಳಕು ಚದುರದಂತೆ ತಡೆಯುವ ಗ್ರಿಡ್, ಕೊಡೆ ಯಾವುದನ್ನಾದರೂ ಕಡಿಮೆ ಬೆಲೆಗೆ, ಎಲ್ಲಿಂದ ಬೇಕಾದರೂ ತರಿಸಬಹುದು.

ಪೆಟ್ಟಿಗೆ ಬಿಚ್ಚಿದ ಮೇಲೆ ಮೊದಲು ಮಾಡಬೇಕಾದದ್ದು ಮುಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆಯುವುದು. ಸಾಗಿಸುವಾಗ ಕೊಳವೆ ಒಡೆಯದಿರಲಿ ಅಂತ ಹಾಕಿರುತ್ತಾರೆ. ಅದನ್ನು ತೆಗೆಯದೆ ಸ್ವಿಚ್ ಹಾಕಿದರೆ ಬಿಸಿಗೆ ಕರಗುತ್ತದೆ. ಒಳಗಿನ ಕೊಳವೆಯನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಜಿಡ್ಡು ಅಂಟಿದ ಜಾಗ ಜಾಸ್ತಿ ಬಿಸಿಯಾಗುತ್ತದೆ. ಆಮೇಲೆ ಸ್ಟ್ಯಾಂಡ್. ಮೂರು ಕಾಲನ್ನೂ ಚೆನ್ನಾಗಿ ಅಗಲಿಸಬೇಕು, ಒಂದು ಕಾಲು ಲೈಟಿನ ಭಾರ ಇರುವ ಕಡೆಗೇ ಮುಖ ಮಾಡಿರಬೇಕು. ಸಾಫ್ಟ್‌ಬಾಕ್ಸ್ ಹಾಕಿದ ಮೇಲೆ ಇಡೀ ಭಾರ ಮುಂದಕ್ಕೆ ವಾಲುತ್ತದೆ, ಅದಕ್ಕೇ ಕಾಲಿಗೆ ತೂಕ ಕಟ್ಟಬೇಕು. ಮರಳಿನ ಚೀಲ ಅಂತ ಮಾರುತ್ತಾರೆ. ನಾನು ಎರಡು ಗಟ್ಟಿ ಬಟ್ಟೆ ಚೀಲದಲ್ಲಿ ಜಲ್ಲಿ ತುಂಬಿಸಿ ಬಾಯಿ ಹೊಲಿದೆ. ಅದೇ ಕೆಲಸ, ಖರ್ಚಿಲ್ಲ.

ಸಾಫ್ಟ್‌ಬಾಕ್ಸ್ ಕಟ್ಟುವುದಕ್ಕೆ ಮಾತ್ರ ತಾಳ್ಮೆ ಬೇಕು. ಎಂಟು ಕಡ್ಡಿಗಳನ್ನು ಬಗ್ಗಿಸಿ ಬಳೆಯ ತೂತುಗಳಿಗೆ ಕೂರಿಸಬೇಕು. ಎದುರುಬದುರಿನ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಹಾಕುತ್ತಾ ಹೋದರೆ ಬಿಗಿತ ಎಲ್ಲ ಕಡೆ ಒಂದೇ ಸಮ ಬರುತ್ತದೆ, ಕೊನೇ ಕಡ್ಡಿಗೆ ಒದ್ದಾಡಬೇಕಾಗುವುದಿಲ್ಲ. ಒಳಗೊಂದು ಸಣ್ಣ ಬಿಳಿ ಬಟ್ಟೆ, ಹೊರಗೊಂದು ದೊಡ್ಡ ಬಿಳಿ ಬಟ್ಟೆ. ಒಳಗಿನದ್ದನ್ನು ಬೇಡ ಅಂತ ಬಿಡಬೇಡಿ. ಅದಿಲ್ಲದಿದ್ದರೆ ನಡುವೆ ಬೆಳಕು ಜಾಸ್ತಿ, ಅಂಚಿನಲ್ಲಿ ಕಡಿಮೆ.

ನಮ್ಮದು ಹಳೇ ಮನೆ. ಮೇಲೆ ಮರದ ಹಲಗೆ, ಕೆಳಗೆ ಕೆಂಪು ರೆಡ್ ಆಕ್ಸೈಡ್ ನೆಲ. ಆ ನೆಲ ಎಷ್ಟು ಚಂದ ಅಂದರೆ ಅದರ ಮೇಲೆ ಚಾಪೆ ಹಾಸುವುದಕ್ಕೂ ಮನಸ್ಸು ಬರುವುದಿಲ್ಲ. ಆದರೆ ಫ್ಲ್ಯಾಶ್ ಹೊಡೆದಾಗ ಅದೇ ಕೆಂಪು ಗದ್ದದ ಕೆಳಗೆ, ಬಿಳಿ ಅಂಗಿಯ ಅಂಚಿಗೆ ಬಂದು ಕೂರುತ್ತದೆ. ಬೆಳಕು ಯಾವುದಕ್ಕೆ ಬಡಿದು ಬರುತ್ತದೋ ಅದರ ಬಣ್ಣ ತರುತ್ತದೆ. ಹಾಗಾಗಿ ಕೂರುವವರ ಮುಂದೆ ಹಳೇ ಬಿಳಿ ಬೆಡ್‌ಶೀಟ್ ಹಾಸುತ್ತೇನೆ. ಕಿಟಕಿಗೆ ದಪ್ಪ ಪರದೆ. ಕೋಣೆಯ ಬಲ್ಬೂ ಆಫ್.

ಕ್ಯಾಮೆರಾದಲ್ಲಿ ಎಲ್ಲವೂ ಮ್ಯಾನ್ಯುಯಲ್. ಐಎಸ್‌ಒ 100, ಶಟರ್ 1/160, ಅಪರ್ಚರ್ (ಲೆನ್ಸಿನ ತೂತಿನ ಅಳತೆ) ಎಫ್/8, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಬರಲು ಮಾಡುವ ಬಣ್ಣದ ಹೊಂದಾಣಿಕೆ) 5600 ಕೆಲ್ವಿನ್. ಮೊದಲು ಫ್ಲ್ಯಾಶ್ ಆಫ್ ಮಾಡಿ ಒಂದು ಫೋಟೊ ತೆಗೆಯಬೇಕು. ಅದು ಪೂರ್ತಿ ಕಪ್ಪಾಗಿ ಬರಬೇಕು. ಕಪ್ಪು ಬಂತೆಂದರೆ ಕೋಣೆಯ ಯಾವ ಬೆಳಕೂ ಚಿತ್ರದೊಳಗೆ ನುಗ್ಗುತ್ತಿಲ್ಲ, ಇನ್ನು ಮುಂದೆ ಕಾಣುವುದೆಲ್ಲ ನಾನು ಹಾಕಿದ ಬೆಳಕೇ ಅಂತ ಅರ್ಥ. ಈ ಕಪ್ಪು ಫೋಟೊ ನನಗೆ ತುಂಬ ಇಷ್ಟದ್ದು.

ಶಟರ್ ಬಗ್ಗೆ ಒಂದು ಮಾತು. ಫ್ಲ್ಯಾಶ್ ಮಿಂಚಿ ಮುಗಿಯುವುದು ಶಟರ್ ತೆರೆದಿರುವ ಹೊತ್ತಿಗಿಂತ ತೀರಾ ಬೇಗ. ಹಾಗಾಗಿ ಶಟರ್ ಏರಿಸಿದರೂ ಇಳಿಸಿದರೂ ಫ್ಲ್ಯಾಶಿನ ಬೆಳಕು ಬದಲಾಗುವುದಿಲ್ಲ. ಅದನ್ನು ಬದಲಿಸುವುದು ಅಪರ್ಚರ್, ಐಎಸ್‌ಒ, ಲೈಟಿನ ಪವರ್, ಲೈಟಿನ ದೂರ. ಶಟರ್ ನೋಡಿಕೊಳ್ಳುವುದು ಕೋಣೆಯಲ್ಲಿ ಮೊದಲೇ ಇದ್ದ ಬೆಳಕನ್ನು. ಆದರೆ ಅದಕ್ಕೂ ಮಿತಿ ಇದೆ. ಬಹಳಷ್ಟು ಕ್ಯಾಮೆರಾಗಳಲ್ಲಿ 1/200 ಅಥವಾ 1/250 ದಾಟಿದರೆ ಶಟರಿನ ಎರಡು ಪರದೆಗಳು ಒಟ್ಟಿಗೆ ತೆರೆದಿರುವ ಹೊತ್ತೇ ಇರುವುದಿಲ್ಲ. ಚಿತ್ರದ ಒಂದು ಅಂಚಿಗೆ ಕಪ್ಪು ಪಟ್ಟಿ ಬರುತ್ತದೆ. 1/160ರಲ್ಲಿ ನಿಂತರೆ ಟ್ರಿಗರ್ ಸ್ವಲ್ಪ ತಡ ಮಾಡಿದರೂ ಚಿಂತೆಯಿಲ್ಲ.

ಇನ್ನು ದೂರದ ವಿಷಯ. ಈ ಒಂದು ಲೈಟು ನನಗೆ ಕಲಿಸಿದ್ದರಲ್ಲಿ ದೊಡ್ಡದು ಇದೇ. ದೂರ ಎರಡರಷ್ಟಾದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗ ಆಗುತ್ತದೆ. ಮೂರರಷ್ಟಾದರೆ ಒಂಬತ್ತರಲ್ಲಿ ಒಂದು ಭಾಗ. ಶಾಲೆಯ ಭೌತಶಾಸ್ತ್ರದಲ್ಲಿ ಓದಿದ್ದೇ. ಅದರ ಬಲ ಗೊತ್ತಾಗುವುದು ಸಣ್ಣ ಕೋಣೆಯಲ್ಲಿ. ಲೈಟಿನಿಂದ ಮುಖಕ್ಕೆ 1 ಮೀಟರ್, ಹಿಂದಿನ ಗೋಡೆಗೆ 3 ಮೀಟರ್ ಅಂತ ಇಟ್ಟುಕೊಳ್ಳಿ. ಮುಖಕ್ಕೆ ಬೀಳುವ ಬೆಳಕಿನ ಒಂಬತ್ತನೇ ಒಂದು ಭಾಗ ಮಾತ್ರ ಗೋಡೆಗೆ. ಬಿಳಿ ಸುಣ್ಣದ ಗೋಡೆ ಕಡು ಬೂದಿಯಾಗಿ ಕಾಣುತ್ತದೆ. ಈಗ ಮುಖವನ್ನೂ ಗೋಡೆಯನ್ನೂ ಇದ್ದಲ್ಲೇ ಬಿಟ್ಟು ಲೈಟನ್ನು ಮಾತ್ರ ಇನ್ನೆರಡು ಮೀಟರ್ ಹಿಂದಕ್ಕೆ ಒಯ್ಯಿರಿ. ಮುಖಕ್ಕೆ 3 ಮೀಟರ್, ಗೋಡೆಗೆ 5. ಪವರ್ ಏರಿಸಿ ಮುಖವನ್ನು ಮೊದಲಿನಷ್ಟೇ ಬೆಳಗಿಸಿದರೆ, ಗೋಡೆಗೆ ಆ ಬೆಳಕಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೀಳುತ್ತದೆ. ಅದೇ ಗೋಡೆ ತಿಳಿ ಬೂದಿ. ಬೇರೆ ಬೇರೆ ಬಣ್ಣದ ಬ್ಯಾಕ್‌ಡ್ರಾಪ್ ಕೊಳ್ಳುವ ಮೊದಲು ಇದನ್ನೊಮ್ಮೆ ಮಾಡಿ ನೋಡಿ.

ಹತ್ತಿರ ತಂದರೆ ಇನ್ನೊಂದು ಲಾಭ, ನೆರಳು ಮೆತ್ತಗಾಗುತ್ತದೆ. ಬೆಳಕು ಮೆತ್ತಗಿದೆಯೋ ಗಡುಸಾಗಿದೆಯೋ ಅನ್ನುವುದು ಎದುರಿಗಿದ್ದವರಿಗೆ ಆ ಲೈಟು ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದರ ಮೇಲೆ ನಿಂತಿದೆ. ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿಲೋಮೀಟರ್. ಆದರೆ ಇರುವುದು 15 ಕೋಟಿ ಕಿಲೋಮೀಟರ್ ದೂರ. ಹಾಗಾಗಿ ಆಕಾಶದಲ್ಲಿ ಒಂದು ಚುಕ್ಕೆ, ಜನವರಿ ಬಿಸಿಲಿನಲ್ಲಿ ಮೂಗಿನ ಕೆಳಗೆ ಕತ್ತರಿಸಿದಂಥ ನೆರಳು. ಜುಲೈನಲ್ಲಿ ಅದೇ ಸೂರ್ಯನಿಗೆ ಮಂಜು ಅಡ್ಡ ಬಂದರೆ ಇಡೀ ಆಕಾಶವೇ ಲೈಟು, ನೆರಳೇ ಇಲ್ಲ. ಈ ಎರಡನ್ನೂ ದಿನಾ ನೋಡುವ ನಮ್ಮಂಥವರಿಗೆ ಸಾಫ್ಟ್‌ಬಾಕ್ಸ್ ಅರ್ಥವಾಗುವುದು ಕಷ್ಟವಲ್ಲ. ನನ್ನ 95 ಸೆಂಟಿಮೀಟರ್ ಸಾಫ್ಟ್‌ಬಾಕ್ಸ್ ಒಂದು ಮೀಟರ್ ದೂರದಲ್ಲಿ ಮಂಜಿನ ಆಕಾಶದ ಕಡೆಗೆ ವಾಲುತ್ತದೆ, ನಾಲ್ಕು ಮೀಟರ್ ದೂರದಲ್ಲಿ ಬಿಸಿಲಿನ ಕಡೆಗೆ.

ಪಕ್ಕದ ಮನೆಯ ಅಜ್ಜ ಸೇನೆಯಲ್ಲಿದ್ದು ಬಂದವರು. ಕೊಡವರ ಸಾಂಪ್ರದಾಯಿಕ ನಿಲುವಂಗಿ ಕುಪ್ಯ ತೊಟ್ಟು ಒಂದು ಒಳ್ಳೇ ಫೋಟೊ ಬೇಕು ಅಂತ ಅವರಿಗೆ ಬಹಳ ಕಾಲದಿಂದ ಆಸೆ. ಬಿಳಿ ಅಂಗಿ, ಮೇಲೆ ಮೊಣಕಾಲು ದಾಟುವ ಕಪ್ಪು ಕುಪ್ಯ, ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ, ಮುಂದೆ ಸಿಕ್ಕಿಸಿದ ಬೆಳ್ಳಿ ಒರೆಯ ಪೀಚೆಕತ್ತಿ. ಬೆಳಕು ಕಲಿಯುವವರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ. ಬೆಳಕು ನುಂಗುವ ಕಪ್ಪು, ಬೆಳಕು ಚೆಲ್ಲುವ ಬಿಳಿ, ಹೊಳೆಯುವ ರೇಷ್ಮೆ, ಕನ್ನಡಿಯಾಗುವ ಬೆಳ್ಳಿ, ಎಲ್ಲ ಒಬ್ಬರ ಮೈಮೇಲೆ.

"ಅಜ್ಜ, ಮೈ ಸ್ವಲ್ಪ ಗೋಡೆ ಕಡೆ ತಿರುಗಿಸಿ. ಸಾಕು. ಮುಖ ಮಾತ್ರ ನನ್ನ ಕಡೆ."

"ಇದರಿಂದ ಕಣ್ಣಿಗೆ ಏನೂ ಆಗಲ್ಲ ಅಲ್ವಾ?"

"ಏನೂ ಆಗಲ್ಲ ಅಜ್ಜ. ಬಟ್ಟೆ ದಾಟಿ ಬರುತ್ತೆ, ನೇರ ಹೊಡೆಯಲ್ಲ. ಮೊದಲು ಸುಮ್ನೆ ಎರಡು ಸಲ ಮಿಂಚಿಸ್ತೀನಿ, ನೋಡಿ."

ಹೀಗೆ ಮೊದಲೇ ಮಿಂಚಿಸಿ ತೋರಿಸುವುದು ಒಳ್ಳೆಯದು. ವಯಸ್ಸಾದವರು ಬೆಚ್ಚುವುದಿಲ್ಲ, ಕಣ್ಣು ಮುಚ್ಚುವುದು ಕಡಿಮೆಯಾಗುತ್ತದೆ.

ಲೈಟನ್ನು ಅವರ ಎಡಗಡೆ ಸುಮಾರು 45 ಡಿಗ್ರಿಯಲ್ಲಿ, ಕಣ್ಣಿಗಿಂತ ಸ್ವಲ್ಪ ಎತ್ತರಕ್ಕೆ ನಿಲ್ಲಿಸಿದೆ. ಆಗ ನೆರಳಿನ ಕಡೆಯ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಬೆಳಕಿನ ಒಂದು ಪುಟ್ಟ ತ್ರಿಕೋನ ಬೀಳುತ್ತದೆ. 17ನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್ ಹೆಸರಿನಲ್ಲೇ ಈ ಬೆಳಕನ್ನು ಕರೆಯುತ್ತಾರೆ. ಅಜ್ಜನ ಮುಖದ ಸುಕ್ಕುಗಳೆಲ್ಲ ಎದ್ದು ಬಂದವು. ಅವರ ಕನ್ನಡಕದಲ್ಲಿ ಸಾಫ್ಟ್‌ಬಾಕ್ಸ್ ಇಡಿಯಾಗಿ ಕಾಣುತ್ತಿತ್ತು. ಲೈಟನ್ನು ಇನ್ನಷ್ಟು ಮೇಲಕ್ಕೆ ಏರಿಸಿ, ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಒಂದು ಚೂರು ಎತ್ತಿ ಕೂರಿಸಿದರೆ ಗಾಜು ಕೆಳಕ್ಕೆ ವಾಲುತ್ತದೆ, ಬಿಳಿ ಮಾಯ.

ಕುಪ್ಯ ಮಾತ್ರ ಹಿಂದಿನ ಕತ್ತಲೆಯಲ್ಲಿ ಕರಗಿ ಹೋಗಿತ್ತು. ಮುಖ ಇದೆ, ಅಂಗಿಯ ಕಾಲರ್ ಇದೆ, ಹೆಗಲು ಎಲ್ಲಿ ಮುಗಿಯುತ್ತದೆ ಗೊತ್ತಿಲ್ಲ. ಕ್ಯಾಮೆರಾವನ್ನು ಆಟೋಗೆ ಬಿಟ್ಟರೆ ಇಲ್ಲಿ ಇನ್ನೂ ಕಷ್ಟ. ಅದಕ್ಕೆ ಕಪ್ಪು ಅಂದರೆ ಏನಂತ ಗೊತ್ತಿಲ್ಲ, ಎಲ್ಲವನ್ನೂ ನಡುಮಟ್ಟದ ಬೂದಿ ಮಾಡಲು ನೋಡುತ್ತದೆ. ಕುಪ್ಯ ಬೂದಿಯಾಗುತ್ತದೆ, ಮುಖ ಬೆಳ್ಳಗೆ ಸುಟ್ಟು ಹೋಗುತ್ತದೆ. ಹಾಗಾಗಿ ಕ್ಯಾಮೆರಾದ ಎಕ್ಸ್‌ಪೋಷರ್ (ಶಟರ್, ಅಪರ್ಚರ್, ಐಎಸ್‌ಒ) ಮುಟ್ಟದೆ ಎರಡು ಕೆಲಸ ಮಾಡಿದೆ. ಲೈಟನ್ನು ಹಿಂದಕ್ಕೆ ಒಯ್ದು ಗೋಡೆಯನ್ನು ಕಪ್ಪಿನಿಂದ ಬೂದಿಗೆ ತಂದೆ, ಕಡಿಮೆಯಾದ ಬೆಳಕನ್ನು ಪವರ್ ಏರಿಸಿ ತುಂಬಿದೆ. ಹೆಗಲಿನ ಗೆರೆ ಕಂಡಿತು. ಆಮೇಲೆ ಬಲಗಡೆ, ಅವರಿಗಿಂತ ಸ್ವಲ್ಪ ಹಿಂದೆ, ದೊಡ್ಡ ಥರ್ಮಾಕೋಲ್ ಹಲಗೆ ನಿಲ್ಲಿಸಿದೆ. ಅದಕ್ಕೆ ಬಡಿದ ಬೆಳಕು ಕುಪ್ಯದ ತೋಳಿನ ಅಂಚಿಗೆ ತೆಳ್ಳನೆ ಗೆರೆ ಎಳೆಯಿತು. ಬಟ್ಟೆಯ ನೇಯ್ಗೆ ಆ ಗೆರೆಯಲ್ಲೇ ಕಾಣುತ್ತದೆ. ಸ್ಟೇಷನರಿ ಅಂಗಡಿಯ ಥರ್ಮಾಕೋಲ್ ಅರ್ಧ ಲೈಟಿನ ಕೆಲಸ ಮಾಡುತ್ತದೆ, ನಿಜವಾಗಲೂ.

ಬೆಳ್ಳಿಯ ಒರೆಗೆ ಬೇರೆ ನಿಯಮ. ಅದಕ್ಕೆ ಬೆಳಕು ಹಾಕಿ ಬೆಳಗಿಸಲು ಆಗುವುದಿಲ್ಲ. ಅದು ಎದುರಿಗೆ ಏನಿದೆಯೋ ಅದನ್ನು ತೋರಿಸುತ್ತದೆ, ಅಷ್ಟೇ. ಬೆಳಕು ಬಂದ ಕೋನದಲ್ಲೇ ವಾಪಸ್ಸು ಹೋಗುತ್ತದಲ್ಲ, ಹಾಗಾಗಿ ಲೈಟು, ಒರೆ, ಕ್ಯಾಮೆರಾ ಮೂರೂ ಆ ಕೋನಕ್ಕೆ ಕೂತರೆ ಮಾತ್ರ ಬೆಳ್ಳಿ ಬೆಳ್ಳಿಯಾಗಿ ಕಾಣುತ್ತದೆ. ಅಜ್ಜ ಚೇಲೆಯೊಳಗೆ ಪೀಚೆಕತ್ತಿಯನ್ನು ಒಂದಿಷ್ಟೇ ತಿರುಗಿಸಿದರು. ಕಪ್ಪಗಿದ್ದ ಒರೆಯ ಉದ್ದಕ್ಕೂ ಸಾಫ್ಟ್‌ಬಾಕ್ಸಿನ ಬಿಳಿ ಬಂದು ಮಲಗಿತು, ಕೆತ್ತನೆಯ ಗುಳಿಗಳು ಮಾತ್ರ ಕಪ್ಪಾಗಿ ಉಳಿದವು. ಒಂದು ಬೆರಳಿನಷ್ಟೂ ತಿರುಗಿಸಿರಲಿಲ್ಲ. ಕ್ಯಾಮೆರಾದ ಹಿಂದೆ ನಿಂತು ಅದನ್ನು ನೋಡಿದ ಖುಷಿ ಇನ್ನೂ ಹೋಗಿಲ್ಲ. ಮದುಮಗನ ಬಿಳಿ ಕುಪ್ಯಕ್ಕೆ ಇದೆಲ್ಲ ಉಲ್ಟಾ ಮಾಡಬೇಕು: ಗೋಡೆ ಕತ್ತಲಾಗಬೇಕು, ಥರ್ಮಾಕೋಲ್ ಜಾಗಕ್ಕೆ ಕಪ್ಪು ಹಲಗೆ ಬರಬೇಕು.

ಕಾಫಿಯ ಫೋಟೊ ಕೇಳುವವರು ಈಗ ಜಾಸ್ತಿ. ತೋಟದವರೇ ಹುರಿದು, ಪ್ಯಾಕ್ ಮಾಡಿ, ತಮ್ಮ ಹೆಸರಿನಲ್ಲಿ ಮಾರುತ್ತಿದ್ದಾರೆ. 2019ರಲ್ಲಿ ಕೂರ್ಗ್ ಅರೇಬಿಕಾಕ್ಕೆ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಕೂಡ ಬಂತು. ಹುರಿದ ಬೀಜಕ್ಕೆ ಮುಂದಿನಿಂದ ಬೆಳಕು ಹಾಕಿದರೆ ಕಂದು ಗುಡ್ಡೆ ಕಾಣುತ್ತದೆ, ಬೀಜ ಕಾಣುವುದಿಲ್ಲ. ಲೈಟು ಬೀಜದ ಹಿಂದೆ, ಒಂದು ಪಕ್ಕಕ್ಕೆ ಇರಬೇಕು. ಆಗ ಪ್ರತಿ ಬೀಜದ ಎಣ್ಣೆಯ ಹೊಳಪು ಏಳುತ್ತದೆ, ನಡುವಿನ ಸೀಳು ಕಪ್ಪು ಗೆರೆಯಾಗುತ್ತದೆ. ಮುಂದೊಂದು ಸಣ್ಣ ಬಿಳಿ ಕಾರ್ಡ್ ಇಟ್ಟರೆ ಮುಗಿಯಿತು. ಕರಿಮೆಣಸಿಗೂ ಇದೇ. ಸುಕ್ಕು ಕಾಣದ ಮೆಣಸು ಮೆಣಸೇ ಅಲ್ಲ.

ಇಲ್ಲಿ ಲೈಟು ಇಟ್ಟುಕೊಳ್ಳುವವರು ಕರೆಂಟು ಮತ್ತು ಥಂಡಿ ಎರಡರ ಬಗ್ಗೆಯೂ ಯೋಚಿಸಲೇಬೇಕು. ಗಾಳಿಗೆ ಮರ ಬಿದ್ದರೆ ಲೈನು ಹೋಗುತ್ತದೆ, ವಾಪಸ್ಸು ಬರುವಾಗ ವೋಲ್ಟೇಜ್ ಕುಣಿಯುತ್ತದೆ. ಕರೆಂಟ್ ಹೋದ ಕೂಡಲೇ ಪ್ಲಗ್ ತೆಗೆದಿಡಿ. ಮನೆಯ ಸಾಧಾರಣ ಸ್ಕ್ವೇರ್‌ವೇವ್ ಇನ್ವರ್ಟರಿಗೆ ಫ್ಲ್ಯಾಶ್ ಸಿಕ್ಕಿಸಬೇಡಿ. ಮೂರು ಪಿನ್ನಿನ ಸಾಕೆಟ್ಟಿಗೆ ಅರ್ತ್ ನಿಜವಾಗಿ ಇದೆಯಾ ಅಂತ ಒಮ್ಮೆ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ, ಹಳೇ ಮನೆಗಳಲ್ಲಿ ಎಷ್ಟೋ ಸಲ ತಂತಿ ಇರುವುದೇ ಇಲ್ಲ. ಏಪ್ರಿಲ್, ಮೇ ಗುಡುಗಿಗೆ ಎಲ್ಲದರ ಪ್ಲಗ್ಗೂ ಗೋಡೆಯಿಂದ ಹೊರಗೆ. ಕೈಯಲ್ಲಿ ದುಡ್ಡಿದ್ದರೆ ಬ್ಯಾಟರಿಯಲ್ಲಿ ನಡೆಯುವ ಫ್ಲ್ಯಾಶ್ ತೆಗೆದುಕೊಳ್ಳಿ. ಕೊಡಗಿಗೆ ಅದೇ ಸರಿ.

ಥಂಡಿ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಲೆನ್ಸಿನೊಳಗೆ ಬೂಸ್ಟು, ಸಾಫ್ಟ್‌ಬಾಕ್ಸಿನ ಬಿಳಿ ಬಟ್ಟೆಗೆ ಹಳದಿ ಕಲೆ, ಸ್ಟ್ಯಾಂಡಿನ ಸ್ಕ್ರೂಗಳಿಗೆ ತುಕ್ಕು. ಬಟ್ಟೆ ಹಳದಿಯಾದರೆ ಬೆಳಕೂ ಹಳದಿ. ಫ್ಲ್ಯಾಶ್, ಟ್ರಿಗರ್, ಲೆನ್ಸ್ ಎಲ್ಲವನ್ನೂ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟಿದ್ದೇನೆ. ಒಳಗೊಂದು ಸಣ್ಣ ಹೈಗ್ರೋಮೀಟರ್ ಇದೆ, ತೇವಾಂಶ 45ರಿಂದ 50 ಶೇಕಡಾ ಒಳಗಿರುವಂತೆ ನೋಡಿಕೊಳ್ಳುತ್ತೇನೆ. ಮೆಣಸು ಒಣಗಿಸುವ ಹಾಗೆ ಒಲೆಯ ಮೇಲಿನ ಅಟ್ಟದಲ್ಲಿ ಇಡೋಣ ಅಂತ ಅಮ್ಮ ಹೇಳಿದರು. ಒಣಗುವುದೇನೋ ಹೌದು, ಆದರೆ ಮಸಿಯೂ ಹಿಡಿಯುತ್ತದೆ, ಬೇಡಮ್ಮ ಅಂದೆ.

ಎರಡನೇ ಲೈಟು ಯಾವಾಗ ಅಂತ ಗೆಳೆಯರು ಕೇಳುತ್ತಿರುತ್ತಾರೆ. ಅದು ಯಾವುದಕ್ಕೆ ಬೇಕು ಅಂತ ಈಗ ನನಗೆ ಗೊತ್ತು: ಕುಪ್ಯದ ಹೆಗಲಿನ ಅಂಚಿಗೆ, ಥರ್ಮಾಕೋಲ್ ಮುಟ್ಟದಷ್ಟು ದೂರದಿಂದ. ಅದು ಸಣ್ಣದಿರಬೇಕು, ಬ್ಯಾಟರಿಯದ್ದಿರಬೇಕು. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಅಜ್ಜನ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ಕುಟುಂಬದವರೆಲ್ಲ ಸೇರುತ್ತಾರೆ. ಕೈಯಾಲೆಯ (ಮುಂದಿನ ಜಗಲಿಯ) ಐಮರದ, ಅಂದರೆ ಕೂರುವ ಮರದ ಹಲಗೆಯ, ಮೇಲೆ ಹಿರಿಯರನ್ನು ಕೂರಿಸಿ ಒಬ್ಬೊಬ್ಬರದ್ದೂ ತೆಗೆದುಕೊಡು ಅಂತ ಅವರು ಕೇಳಿದ್ದಾರೆ. ಅಲ್ಲಿ ಕಪ್ಪು ಫೋಟೊದಿಂದ ಶುರು ಮಾಡುವ ಹಾಗಿಲ್ಲ. ಹಳೇ ಮರದ ಕಂಬ, ಕೆತ್ತನೆಯ ಬಾಗಿಲು, ತೂಗುವ ದೀಪ, ಎಲ್ಲವೂ ಚಿತ್ರದಲ್ಲಿ ಇರಬೇಕು. ಶಟರನ್ನು 1/60ಕ್ಕೋ 1/30ಕ್ಕೋ ಇಳಿಸಿ ಮೊದಲು ಆ ಕೈಯಾಲೆಯ ಬೆಳಕನ್ನು ಒಳಗೆ ತಂದುಕೊಳ್ಳಬೇಕು. ದೀಪದ ಬೆಳಕು ಹಳದಿ, ಫ್ಲ್ಯಾಶ್ ಬಿಳಿ. ಅದಕ್ಕೆ ಫ್ಲ್ಯಾಶಿಗೆ ಕಿತ್ತಳೆ ಬಣ್ಣದ ತೆಳು ಜೆಲ್ ಹಾಳೆ ಕಟ್ಟಬೇಕು. ಜೆಲ್ ಇನ್ನೂ ಬಂದಿಲ್ಲ. ಬಂದ ಮೇಲೆ ಮೊದಲು ನಮ್ಮ ಮನೆಯ ಜಗಲಿಯಲ್ಲೇ, ಸಂಜೆ ಆರರ ಹೊತ್ತಿಗೆ, ಅಮ್ಮನನ್ನು ಕೂರಿಸಿ ನೋಡುತ್ತೇನೆ.